ಹೊತ್ತ ಮುಳಗೂದ್ರಾಗ ಊಟ

ದೋಸ್ತರ, ಇವತ್ತ ನನ್ನ ನೌಕರಿ ಹೋಗೇ ಬಿಡ್ತಿತ್ತು. ಪುಣೆದಾಗಿನ ನಮ್ಮ ಪೈಪ್ ಕಂಪನಿ ಜಮಖಂಡ್ಯಾಗ ಡೀಲರ್‌ಗಳ ಸಭಾ ಇಟ್ಟಿತ್ತು. ‘ನಿಮ್ಮ ಕಡೆ ಐತಿ, ಹೋಟೆಲ್ ನೀನ ಆರಿಸು’ ಅಂದಿದ್ರು ಸಾಹೇಬ್ರು. ಎಸಿ, ಲಿಫ್ಟ್, ಪಾರ್ಕಿಂಗ್ ಎಲ್ಲಾ ನೋಡಿ ಆರಿಸಿದ್ದೆ.

ಸಂಜೀಕ ಸಾಹೇಬ್ರ ಭಾಷಣ ನಡದಾಗ ತೇರದಾಳದ ಜೈನ ಡೀಲರ್ ಅಣ್ಣಪ್ಪ ಕಾಕಾ ಎದ್ದ ನಿಂತ್ರು. ‘ಹೊತ್ತ ಮುಳಗಾಕತ್ತೈತಿ. ಮುಳಗಿದ ಮ್ಯಾಲ ನಾವು ಉಣ್ಣಂಗಿಲ್ರಿ. ಊಟ ಎಲ್ಲೈತಿ?’

‘ಎಂಟಕ್ಕ’ ಅಂದ ಹೋಟೆಲ್ ಮ್ಯಾನೇಜರ್.

ಉಳಿದ ಹತ್ತ ಮಂದಿ ಡೀಲರ್‌ಗಳೂ ಜೈನರ; ಖಾಲಿ ಆರ್ಡರ್ ಫಾರಂ ಹಿಡಕೊಂಡ ಮನಿಗೆ ಹೊಂಟ ಎದ್ರು. ‘ಲೇ, ನೀ ಈ ಕಡೆಯಾಂವ ಹೌದಿಲ್ಲೋ?’ ಸಾಹೇಬ್ರು ಹಲ್ಲ ಕಡದ್ರು.

ಎಲ್ಲಾರ್ನೂ ಎದುರಿನ ಖಾನಾವಳಿಗೆ ಓಡಿಸಿಕೊಂಡ ಹೋದೆ. ರೊಟ್ಟಿ ಉಂಡು, ಅಲ್ಲೇ ಬೆಂಚಿನ ಮ್ಯಾಲ ಫಾರಂ ತುಂಬಿ ಸಹಿ ಹಾಕಿ ಕಾಕಾ ಅಂದ್ರು: ‘ಛಲೋ ಹೋಟೆಲ್ ಆರಿಸೀದಿ ನೋಡ ತಮ್ಮಾ.’

ಎಸಿ ಹಾಲ್‌ನ್ಯಾಗ ಒಬ್ರೇ ಮೈಕ್ ಹಿಡದ ನಿಂತ ಸಾಹೇಬ್ರಿಗೆ ಇದನ್ನ ಯಾರ ಹೇಳ್ಬೇಕ್ರಪಾ?