ಅವ್ವನ ಖೋಲಿಗೆ ತಂದ ಎರಡು ಟಿವಿ

ತಿಂಗಳಾನುಗಟ್ಟಲೆ ಮಾತಿಲ್ಲದೇ ಮಲಗಿದ್ದ ನಮ್ಮವ್ವ, ಹೊಸಾ ಟಿವಿ ಹಚ್ಚಿದ ಕೂಡಲೇ ಮಾತಾಡಿದ್ಲು.

ನನ್ನ ಕೈಯಾಗಿನ ರಿಮೋಟ್ ನೆಲಕ್ಕ ಬಿತ್ತು. ಸೆಲ್ ಎರಡೂ ಉರುಳಿ ಮಂಚದ ಬುಡಕ ಹೋದ್ವು.

ನಾವು ಹೈದರಾಬಾದಿನ್ಯಾಗ, ಮಲ್ಕಾಜ್‌ಗಿರಿಯೊಳಗ ಬಾಡಿಗಿ ಇದ್ದಾಗಿನ ಮಾತಿದು. ಆಗ ಹೈಟೆಕ್ ಸಿಟಿ ಕಡೆ ನೋಡನೋಡ್ತ ಗಾಜಿನ ಬಿಲ್ಡಿಂಗ್ ಏಳಾಕತ್ತಿದ್ವು. ಅಂಥಾದೊಂದರಾಗ ನಾನು ಅಕೌಂಟ್ಸ್ ನೋಡ್ತಿದ್ದೆ, ನಮ್ಮನಿಯವರು ರೈಲ್ವೇದಾಗ ಇದ್ರು.

ಊರಾಗ ಇದ್ದಾಗ ಅವ್ವಗ ಲಕ್ವಾ ಹೊಡೀತು. ಮೈ ಒಂದು ಬಾಜೂ ಹೋತು, ಮಾತೂ ಹೋತು. ಕರಕೊಂಡು ಬಂದು ನಮ್ಮ ಹಿಂದಿನ ಸಣ್ಣ ಖೋಲ್ಯಾಗ ಮಲಗಿಸಿದ್ವಿ.

ಅಕಿ ಒಂದ ಸಲ ಬಾಯಿ ತುಂಬ ನನ್ನ ಕರದ್ರ ಸಾಕಿತ್ತು ನನಗ. ದಿನಾ ದೇವರ ಮುಂದ ಅದನ್ನ ಬೇಡಕೋತಿದ್ದೆ.

ಕಿವಿಗೆ ತಮ್ಮ ಭಾಷಾ ಬೀಳ್ತಿರಲಿ, ಮಾತು ಹೊಳ್ಳಿ ಬಂದ್ರೂ ಬರಬಹುದು ಅಂದ್ರು ಡಾಕ್ಟರ್. ನಾನು ದಿನಾ ಪೂರ್ತಿ ಆಫೀಸಿನ್ಯಾಗ. ಹಂಗಾಗಿ ಖೋಲಿಗೆ ಒಂದು ಸಣ್ಣ ಟಿವಿ ಇಟ್ಟು ಕನ್ನಡ ಚಾನೆಲ್ ಹಾಕೋದು ಅಂತ ಆತು.

ಆದ್ರ ಯಾವ ಕಂಪನಿದು?

ನಮ್ಮನಿಯವರಿಗೆ ಜಪಾನಿ ಅಂದ್ರ ಜೀವ. ಪಿಕ್ಚರ್ ತಂಪಿರತೈತಿ, ಜೀವನ ಪೂರ್ತಿ ಬಾಳಿಕಿ ಬರತೈತಿ ಅಂತ ಅವರ ವಾದ. ನನ್ನ ಕಣ್ಣು ಮಾತ್ರ ಇನ್ನೊಂದು ಕಂಪನಿ ಸೆಟ್ ಮ್ಯಾಲೆ. ಅದನ್ನ ಹಚ್ಚಿದ ಕೂಡಲೇ ಟಿಣ್ ಟಿಣ್ ಟಿಣ್ ಅಂತ ಒಂದು ಸಣ್ಣ ರಾಗ ಬರತಿತ್ತು.

"ಟಿವಿ ತಗೋತೀಯೋ, ಗೆಜ್ಜಿ ತಗೋತೀಯೋ?" ಅಂತ ಕಾಡಸಿದ್ರು ಇವರು.

ಶೋರೂಮಿನವರು ಬೀದರದವರು, ಕನ್ನಡ ಕೇಳಿದ್ರ ಕರಗವರು. ಎರಡೂ ಒಯ್ರಿ, ಅಮ್ಮಾರಿಗೆ ತೋರಿಸ್ರಿ, ಬ್ಯಾಡಾದ್ದನ್ನ ವಾಪಸ್ ಕಳಸ್ರಿ ಅಂದ್ರು.

ಭಾನುವಾರ ಮಧ್ಯಾಹ್ನ. ಮೊದಲ ಜಪಾನಿದು ಹಚ್ಚಿದ್ವಿ. ಅವ್ವ ಅದರ ಕಡೆ ನೋಡಲೂ ಇಲ್ಲ, ಮ್ಯಾಲಿನ ಫ್ಯಾನ್ ನೋಡ್ಕೋತ ಮಲಗಿದ್ಲು. ಅದನ್ನ ತಗದು ಅದ ಮೂಲ್ಯಾಗ ನನ್ನ ಸೆಟ್ ಇಟ್ವಿ.

ಟಿಣ್ ಟಿಣ್ ಟಿಣ್...

ಅವ್ವನ ಕುತಗಿ ಮೆಲ್ಲಕ ಈ ಕಡೆ ತಿರುಗಿತು. ತುಟಿ ಅಲ್ಲಾಡಿದ್ವು.

"ಚಾಲು... ಬಾರವ್ವಾ."

ದನಿ ಒಡದಿತ್ತು, ನಾಲಿಗಿ ತೊದಲತಿತ್ತು. ಆದ್ರ ನನಗ ಸಾಫ್ ಕೇಳಿಸ್ತು. ಟಿವಿ ಚಾಲೂ ಮಾಡು, ನನ್ನ ಹಂತ್ಯಾಕ ಬಾ ಅನ್ನಾಕತ್ತಾಳ!

ನಾನು ಹೋಗಿ ಅಕಿ ಎದಿಗೆ ತಲಿ ಹಚ್ಚಿ ಅತ್ತಬಿಟ್ಟೆ. ಇವರೂ ಕಣ್ಣು ಒರಸಿಕೊಂಡು, "ನಿನ್ನ ಗೆಜ್ಜಿನ ಗೆದ್ದಿತು ಬಿಡು" ಅಂದ್ರು.

ಅವ್ವ ಮತ್ತ ಅಂತಾಳ, ಚಾಲು, ಬಾರವ್ವಾ. ಟಿವಿ ಚಾಲೂನ ಐತಲ್ಲ, ಕೇಳಸವಲ್ದೇನೋ ಅಂತ ಇವರು ವಾಲ್ಯೂಮ್ ಏರಿಸಿದ್ರು. ಮತ್ತ ಅಂದ್ಲು. ಮತ್ತಷ್ಟು ಏರಿಸಿದ್ರು. ಅಕಿ ಕಣ್ಣಾಗ ದಳದಳ ನೀರು... ಖುಷಿಗೆ ಅಂತ ತಿಳಕೊಂಡ್ವಿ.

ಅಷ್ಟರಾಗ ಮ್ಯಾಲಿನ ಮನಿ ಆಂಟಿ ಬಂದ್ರು. ಮನಿ ಮಾಲಕರು, ತೆಲುಗಿನವರು. ನಮ್ಮ ಅವರ ಮಾತು ಅರ್ಧ ತೆಲುಗು, ಅರ್ಧ ಹಿಂದಿ. ಆಂಟಿ ಅನ್ನೋದು ಬಿಟ್ರ ಅವರ ಹೆಸರು ಸುದ್ದಾ ನಮಗ ಗೊತ್ತಿರಲಿಲ್ಲ.

ಆಂಟಿ, ಅವ್ವ ಮಾತಾಡಿದ್ಲು ಅಂತ ಕುಣಕೋತ ಹೇಳಾಕ ಹೋದೆ. ಅವರು ನನ್ನ ಕಡೆ ನೋಡ್ಲೇ ಇಲ್ಲ. ಖೋಲಿ ಬಾಗಲದಾಗ ಚೌಕಟ್ಟು ಹಿಡಕೊಂಡು ನಿಂತಬಿಟ್ರು.

ಒಳಗಿಂದ ಮತ್ತ ಅದ ದನಿ.

"ಬಂದ್ ಯಾಕ ಮಾಡವಲ್ರಿ?" ಅಂತ ಹಿಂದಿಯೊಳಗ ಕೇಳಿದ್ರು ಆಂಟಿ. "ಸಾಕು, ಸಾಕು ಅಂತ ಅಳಾಕತ್ತಾರ."

ಅಲ್ರಿ, ನಮ್ಮ ಕಡೆ ಚಾಲೂ ಅಂದ್ರ ಶುರು ಮಾಡೋದು ಅಂದೆ ನಾನು, ನಕ್ಕೋತ. ತೆಲುಗಿನ್ಯಾಗ ಚಾಲು ಅಂದ್ರ ಸಾಕು ಅಂತ ನನಗೂ ಗೊತ್ತಿತ್ತು, ಬಸ್ಸಿನ್ಯಾಗ ದಿನಾ ಕೇಳತಿದ್ದೆ. ಆದ್ರ ನಮ್ಮವ್ವಗ ಎಲ್ಲಿ ತೆಲುಗು ಬರಬೇಕು? ಈ ಊರಿಗೆ ಬರೋದರಾಗ ಅಕಿ ಬಾಯಿನ ಬಂದ್ ಆಗಿತ್ತು.

ಆಂಟಿ ಮುಖದಾಗ ರಕ್ತ ಇರಲಿಲ್ಲ.

"ಬಾರವ್ವಾ ಅಲ್ಲ," ಅಂದ್ರು. "ವರವ್ವಾ. ನನ್ನ ಹೆಸರು ವರಲಕ್ಷ್ಮಿ. ವರವ್ವಾ ಅಂತ ಕರೀತಿದ್ದವರು ನಮ್ಮತ್ತಿ ಒಬ್ಬರ."

ಅವರತ್ತಿ ಕಡೀ ದಿನಾ ಕಳದು ಜೀವಾ ಬಿಟ್ಟದ್ದು ಇದ ಖೋಲ್ಯಾಗ ಅಂತ. ಈ ಮೂಲ್ಯಾಗ ಇದ ಕಂಪನಿ ಸೆಟ್ಟು, ಇದ ಟಿಣ್ ಟಿಣ್. ಮುದುಕಿಗೆ ಹೊತ್ತು ಹೋಗಲಿ ಅಂತ ಮಗ ಮುಂಜಾನಿಂದ ಹಚ್ಚಿ ಇಡತಿದ್ದ. ಅವರು ಸೊಸಿನ್ನ ಕರದು ಕರದು, ಸಾಕು ವರವ್ವಾ, ಬಂದ್ ಮಾಡು ಅಂತಿದ್ರಂತ.

ನನ್ನ ಅವ್ವನ ಹಂತ್ಯಾಕ ಹೋಗಾಕ ನನಗ ಹೆದರಿಕಿ ಆತು.

ಆಂಟಿ ಹೆದರಲಿಲ್ಲ. ಸೀದಾ ಹೋಗಿ ಟಿವಿ ಬಟನ್ ಒತ್ತಿ, ಅವ್ವನ ಹಣಿ ಮ್ಯಾಲೆ ಕೈ ಇಟ್ಟು, ತೆಲುಗಿನ್ಯಾಗ ಮೆಲ್ಲಕ ಅಂದ್ರು... ಬಂದ್ ಮಾಡಿದೆ ಅತ್ತಮ್ಮಾ, ಮಲಗ್ರಿ.

ಅವ್ವ ಒಂದು ದೊಡ್ಡ ಉಸರು ಬಿಟ್ಟು ಕಣ್ಣು ಮುಚ್ಚಿದ್ಲು. ಅಷ್ಟು ಆರಾಮಾಗಿ ನಿದ್ದಿ ಮಾಡಿದ್ದನ್ನ ಅಕಿ ಬಂದಾಗಿಂದ ನಾನು ನೋಡಿರಲಿಲ್ಲ.

ನನ್ನ ಸೆಟ್ ವಾಪಸ್ ಹೋತು. ಜಪಾನಿ ಟಿವಿ ಆ ಖೋಲ್ಯಾಗ ದಿನಾ ಕನ್ನಡ ಮಾತಾಡ್ತು, ಅವ್ವ ಮಾತ್ರ ಫ್ಯಾನ್ ನೋಡ್ಕೋತ ಮಲಗಿರತಿದ್ಲು. ಜೀವಾ ಹೋಗೋತನಕ ಮತ್ತೊಂದು ಮಾತು ಆಡಲಿಲ್ಲ.

ಆಫೀಸಿಂದ ಬರುವಾಗ ಆ ಶೋರೂಮ್ ಮುಂದ ಬಸ್ ನಿಲ್ಲತಿತ್ತು. ಇಳದು ಆ ಸೆಟ್ಟ ತಂದಬಿಡಲೇನು ಅಂತ ಎಷ್ಟು ಸಲ ಅನಿಸೇತಿ... ದನಿ ನಮ್ಮವ್ವಂದ ಇತ್ತಲ್ರಿ.

ಕರಿಯೋದು ನನ್ನನ್ನಲ್ಲ ಅಂತ ಗೊತ್ತಿದ್ರೂ, ನೀವಾಗಿದ್ರ ಆ ಟಿವಿ ತರತಿದ್ರೋ, ಇಲ್ಲೋ?