ಶಾಸಕರು ಏಳದೇ ಕೂತ ದಿನ

ರಾಜಕಾರಣಿಯ ಡೈರಿಯಲ್ಲಿ ನಿಜ ಇರುತ್ತದಾ? ಒಂದರಲ್ಲಿ ಇತ್ತು. ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಕಳೆದ ತಿಂಗಳು ಸಿಂಧನೂರಿನ ಪರಿಚಯದ ವಕೀಲರೊಬ್ಬರು ಬಂದು ತಮ್ಮ ತಂದೆಯ ಡೈರಿ ಕೊಟ್ಟರು. ತಂದೆ ಒಂದು ಕಾಲದ ಶಾಸಕರು. ಈಗಿಲ್ಲ. "ಬುಕ್ ಮಾಡಾಕತ್ತೀವ್ರಿ ಸರ್. ನೀವ ಎಡಿಟ್ ಮಾಡಿಕೊಡ್ರಿ."

ಖುಷಿಯಿಂದ ಒಪ್ಪಿದೆ. ನೂರು ವರ್ಷದ ಹಿಂದಿನ ಲಂಡನ್ ಪಾರ್ಲಿಮೆಂಟ್ ಸದಸ್ಯರ ಡೈರಿ ಓದುವ ಹುಚ್ಚು ನನಗೆ. (ನನ್ನ ಹೆಂಡತಿ ಅದನ್ನು "ಸತ್ತವರ ಚಾಡಿ" ಅನ್ನುತ್ತಾಳೆ.) ಯಾರು ಸದನದಲ್ಲಿ ತೂಕಡಿಸಿದರು, ಯಾರು ಯಾರ ಮನೆಯಲ್ಲಿ ಉಂಡು ವೋಟು ಬದಲಿಸಿದರು? ಸರ್ಕಾರಿ ದಾಖಲೆಯಲ್ಲಿ ಇಲ್ಲದ್ದು ಅಲ್ಲಿರುತ್ತದೆ.

ಇಲ್ಲೂ ಇತ್ತು. ಒಂದು ಪುಟ ಹೀಗಿತ್ತು: "ಮಸ್ಕಿ ಕಡೆಯ ಹಳ್ಳಿಯ ಬಾವಿ ನೀರಿನ ವಿಷಯ ಇವತ್ತು ಸದನದಲ್ಲಿ ಎತ್ತಬೇಕಿತ್ತು. ವಾಂತಿಭೇದಿಗೆ ನಾಲ್ಕು ಜನ ಸತ್ತಿದ್ದಾರೆ. ಲೀಡರ್ ಬೇಡ ಅಂದರು. ಏಳಲಿಲ್ಲ. ಊರವರು ಕೇಳಿದರೆ ಮಾತಾಡಿದೆ ಅನ್ನಬೇಕು."

ಹಳ್ಳಿಯ ಹೆಸರೂ ಇತ್ತು. ಲಿಂಗಸುಗೂರಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡಿದ ಶಾಂತಮ್ಮ ಟೀಚರ್ ಊರು ಅದು. ಅವರ ಅವ್ವ ವಾಂತಿಭೇದಿಯಲ್ಲೇ ಸತ್ತದ್ದು ಅಂತ ಕೇಳಿದ್ದೆ. ಮನಸ್ಸು ತಡೆಯಲಿಲ್ಲ. ಡೈರಿ ಹಿಡಿದು ಅವರ ಮನೆಗೆ ಹೋದೆ.

ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ನಮ್ಮಪ್ಪ ಅರ್ಜಿ ಬರೆಸಿಕೊಂಡು ಇವರ ಮನಿತನಕ ಹೋಗಿ ಕೊಟ್ಟು ಬಂದಿದ್ನರಿ. 'ಸಾಹೇಬ್ರು ಮಾತಾಡ್ಯಾರ, ಸರಕಾರನ ಕೇಳಲಿಲ್ಲ' ಅಂತ ಸಾಯೋತನಕ ಅಂದ. ವೋಟೂ ಅವರಿಗೇ ಹಾಕಿದ."

"ಬಾವಿ ಏನಾಯ್ತು?"

"ಅದರ ನೀರ ಕುಡದ್ವಿ. ಮತ್ತೇನ ಮಾಡಬೇಕ್ರಿ? ಮುಂದಿನ ವರ್ಷ ನನ್ನ ತಮ್ಮನೂ ಹೋದ."

ತಮ್ಮನೊಬ್ಬ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದೆವು.

"ಈ ಪಾನ ಬುಕ್ಕಿನಾಗ ಬರತೈತೇನ್ರಿ?" ಅಂತ ಆ ಪುಟದ ಮೇಲೆ ಬೆರಳಿಟ್ಟು ಕೇಳಿದರು.

ವಕೀಲರಿಗೆ ಫೋನ್ ಮಾಡಿದೆ. "ಅದೊಂದು ಬಿಟ್ಟುಬಿಡ್ರಿ ಸರ್. ಸತ್ತ ಮ್ಯಾಲ ಯಾಕ ಅಪ್ಪನ ಮರ್ಯಾದಿ ಕಳೀಬೇಕು?" ಆ ಪುಟ ಬಿಡುವುದಾದರೆ ನನ್ನಿಂದ ಆಗುವುದಿಲ್ಲ ಅಂದೆ. ಮರುದಿನವೇ ಬಂದು ಡೈರಿ ಒಯ್ದರು. (ಫೋಟೊ ತೆಗೆದಿಟ್ಟುಕೊಳ್ಳಲಿಲ್ಲವಾ ಅನ್ನುತ್ತೀರಿ. ಇಲ್ಲ. ಹೊಳೆಯಲೇ ಇಲ್ಲ.) ಈಗ ಬೇರೆ ಯಾರೋ ಎಡಿಟ್ ಮಾಡುತ್ತಿದ್ದಾರಂತೆ. ಆ ಪುಟ ಇರುವುದಿಲ್ಲ.

ಶಾಂತಮ್ಮನವರಿಗೆ ಹೇಳಿದೆ. ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ.

"ಇರ್ಲಿ ಬಿಡ್ರಿ. ನಮ್ಮಪ್ಪ ಇದು ಗೊತ್ತಾಗದ ಸತ್ತಿದ್ದ ಛಲೋ ಆತು."

ಮೋಸ ಹೋದದ್ದು ತಿಳಿಯದೆ ಸತ್ತವರನ್ನು ಪುಣ್ಯವಂತರು ಅನ್ನುವ ಸ್ಥಿತಿಗೆ ನಾವು ಯಾವಾಗ ಬಂದೆವು?