ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಹದಿನೈದು ನಿಮಿಷ

ಗುಂಪಿನ ಎಲ್ಲರಿಗೂ ನಮಸ್ಕಾರ. ಸ್ಟೆಲ್ಲಾ ಬಾಯಿ, ಮಂಡಿನೋವು ಕಡಿಮೆಯಾಯಿತೇ? ಫೆಲಿಕ್ಸ್, ಕೆಮ್ಮು ಹೇಗಿದೆ?

ಮಗಳು ರೀಟಾ ಒಮಾನಿನ ನಮ್ಮ ನಿಜ್ವಾದಿಂದ ನಾಲ್ಕು ದಿನ ನಾರ್ವೆಗೆ ಹೊರಟಿದ್ದಾಳೆ, ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದಲ್ಲಿ ಜಾರಲು. ನಾನೂ ಬರುತ್ತೇನೆ ಎಂದೆ.

"ಮಮ್ಮಿ, ಚಳಿಬಟ್ಟೆಯ ಬಾಡಿಗೆಯೇ ನಮ್ಮ ಬಜೆಟ್ ನುಂಗ್ತದೆ. ಆ ಚಳಿ ನಿಮಗೆ ತಡೀಲಿಕ್ಕೂ ಆಗ್ಲಿಕ್ಕಿಲ್ಲ."

"ಬಾಡಿಗೆ ಯಾಕೆ? ಬಟ್ಟೆ ಇಲ್ಲಿ ನಿಜ್ವಾದಲ್ಲೇ ಉಂಟು. ನಡಿ!"

ನೆರೆಮನೆಯ ಅಬ್ದುಲ್ಲ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಾನೆ. ಇವತ್ತು ಅವನ ಎರಡು ಹಳೆಯ ಜಾಕೆಟ್ ಕೇಳಿ ಪಡೆದು, ಇಬ್ಬರೂ ತೊಟ್ಟು, ಅಲ್ಲೇ ಒಳಗೆ ನಿಂತೆವು. ಐದೇ ನಿಮಿಷಕ್ಕೆ ರೀಟಾ, "ಖಲಾಸ್ ಮಮ್ಮಿ, ಸಾಕು!" ಎಂದು ಹೊರಗೋಡಿದಳು. ನಾನು ಹದಿನೈದು ನಿಮಿಷ ಮುಗಿಸಿಯೇ ಬಂದೆ.

ಟಿಕೆಟ್ ಈಗ ಎರಡು. ಜಾಕೆಟ್ಟಿನ ಬಂಗುಡೆ ವಾಸನೆ ತೆಗೆಯುವ ಉಪಾಯ ಗೊತ್ತಿದ್ದವರು ಬೇಗ ಬರೆಯಿರಿ. ವಾಸನೆ ಹೋಗದಿದ್ದರೂ ನಾನು ಹೋಗುವವಳೇ.